ಮಧ್ಯಾಹ್ನದ ಊಟ: ಅಚ್ಚರಿ

ಫೆರ್ಮಿನ್ ಸೊರೊಂಗೊನ್‌ನ ಆ ದಿನದ ಫಜೀತಿಗೆಲ್ಲ ಮೂಲ, ಬೆಳಿಗ್ಗೆ ಕೋಣೆಯ ಬಾಗಿಲ ಸಂದಿಯಿಂದ ಒಳಕ್ಕೆ ಜಾರಿ ಬಂದ ಒಂದು ಹಾಳೆ.

ರೆಸಾರ್ಟಿನವರು ಕಳಿಸಿದ ಕಾರ್ಯಕ್ರಮ ಪಟ್ಟಿ ಅದು. ಐದೂವರೆಗೆ ಸೂರ್ಯೋದಯ ನೋಡಿ ಬೆರಗಾಗುವುದು. ಏಳಕ್ಕೆ ತಿಂಡಿ. ಎಂಟಕ್ಕೆ ಗುಹೆ. ಒಂಬತ್ತೂವರೆಗೆ ಬಾವಲಿಗಳು. ಹತ್ತೂವರೆಗೆ ಮ್ಯಾನೇಜರ್ ಭಾಷಣ. ಹನ್ನೊಂದೂವರೆಯಿಂದ ಒಂದೂವರೆ, ಮಧ್ಯಾಹ್ನದ ಊಟ: ಅಚ್ಚರಿ. ಎರಡಕ್ಕೆ ಉಡುಗೊರೆ ಮತ್ತು ಗುಂಪು ಫೋಟೊ. ಮೂರಕ್ಕೆ ವ್ಯಾನು. ನಾಲ್ಕಕ್ಕೆ ಹಡಗು.

ಎಲ್ಲಾದರೂ ಅರ್ಧ ಗಂಟೆ ಬಿಡುವು ಅಡಗಿದೆಯೇ ಎಂದು ಫೆರ್ಮಿನ್ ಹಾಳೆಯನ್ನು ಮಗುಚಿ ನೋಡಿದ. ಹಿಂದೆ ವೈಫೈ ಪಾಸ್‌ವರ್ಡ್ ಇತ್ತು.

ಇದು ಮೂರು ದಿನದ ಪ್ರವಾಸದ ಕೊನೆಯ ದಿನ. ತಂಬಾಲಿಸ ದ್ವೀಪದ ತುದಿಯಲ್ಲಿ ಹೊಸದಾಗಿ ಎದ್ದಿದ್ದ ಆ ರೆಸಾರ್ಟಿನವರು ಮನಿಲಾದಿಂದ ಮೂವರು ಪ್ರವಾಸ ಬರಹಗಾರರನ್ನು ತಮ್ಮ ಖರ್ಚಿನಲ್ಲಿ ಕರೆಸಿಕೊಂಡಿದ್ದರು. ಕರೆಸಿಕೊಂಡವರನ್ನು ಕೈಬಿಟ್ಟರೆ ಆಡಿನ ಮಂದೆಯ ಹಾಗೆ ಚೆದುರಿಹೋಗುತ್ತಾರೆ ಎಂಬುದು ರೆಸಾರ್ಟಿನ ಪ್ರಚಾರದ ಹೊಣೆ ಹೊತ್ತಿದ್ದ ಜೋರೆಲಿನ್‌ಳ ಗಟ್ಟಿ ನಂಬಿಕೆ. ಹೆಸರಿಗೆ ತಕ್ಕ ಹಾಗೆ ಹೆಂಗಸು ಜೋರು. ಮೂರೇ ಜನ ಇದ್ದರೂ ವ್ಯಾನು ಹತ್ತುವಾಗೆಲ್ಲ ಬೆರಳು ಮಡಚಿ ಎಣಿಸುತ್ತಿದ್ದಳು. ಮೊನ್ನೆ ಫೆರ್ಮಿನ್ ಸಂಜೆ ಹೊತ್ತು ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದಕ್ಕೆ, "ಸರ್ ಫೆರ್ಮಿನ್, ಹೊರಗೆ ನೋಡೋಂಥದ್ದು ಏನೂ ಇಲ್ಲ, ಎಲ್ಲಾ ಒಳಗೇ ಮಾಡಿಸಿದ್ದೀವಿ," ಎಂದು ತೋಳು ಹಿಡಿದು ಕರೆತಂದಿದ್ದಳು.

ಹೊರಗೆ, ಹನ್ನೆರಡು ಕಿಲೋಮೀಟರು ದೂರದಲ್ಲಿ, ಒಂದು ಕಾಲಕ್ಕೆ ಹಡಗುಗಳು ನಿಲ್ಲುತ್ತಿದ್ದ ಹಳೇ ಧಕ್ಕೆಯ ಮೂಲೆಯಲ್ಲಿ ಒಂದು ಊಟದ ಅಂಗಡಿ ಇತ್ತು. ಅದು ಅವನ ಅಕ್ಕ ಕಾರಿಂಗಳದು. ಆ ಸೀಮೆಯಲ್ಲಿ ಅಕ್ಕನಿಗೆ ಮನಾಂಗ್ ಎನ್ನುತ್ತಾರೆ. ಮನಾಂಗ್ ಕಾರಿಂಗ್ ಅವನ ಮುಖ ನೋಡಿ, ಅವನ ಹತ್ತಿರ ಮಾತಾಡಿ, ಹತ್ತೊಂಬತ್ತು ವರ್ಷವಾಗಿತ್ತು.

ತಪ್ಪು ಪೂರ್ತಿ ಅವನದೇ. ಅಪ್ಪ ಅಮ್ಮ ಹೋದಾಗ ಅವನಿಗೆ ಏಳು, ಅವಳಿಗೆ ಹತ್ತೊಂಬತ್ತು. ಬತ್ವಾನ್ ಕಾಯಿ ಕಿವುಚಿ ಹಾಕಿದ ಹುಳಿ ಮೀನುಸಾರು ಮಾಡಿ, ಧಕ್ಕೆಯ ಕೂಲಿಗಳಿಗೆ ಬಡಿಸಿ, ಆ ಸಾರಿನಲ್ಲೇ ತಮ್ಮನನ್ನು ಓದಿಸಿ ಮನಿಲಾಕ್ಕೆ ಕಳಿಸಿದಳು. ತಮ್ಮ ಪತ್ರಿಕೆ ಸೇರಿದ. ಪ್ರವಾಸದ ಅಂಕಣ ಸಿಕ್ಕಿತು. ಮೊದಲ ಬರಹಕ್ಕೆ ತನ್ನ ಊರನ್ನೇ ಆರಿಸಿಕೊಂಡು ಬಂದ. ಬಂದ ದಿನ ಸಾರು ಯಾಕೋ ಕೆಟ್ಟಿತ್ತು. ಇವನು ಹೊಸ ಹುರುಪಿನ ಸತ್ಯವಂತ. "ಹಳೇ ಧಕ್ಕೆಯ ಹೆಸರಾಂತ ಮೀನುಸಾರು ದೋಣಿಯ ಹಗ್ಗ ತೊಳೆದ ನೀರಿನಂತಿತ್ತು," ಎಂದು ಬರೆದ. ಅಷ್ಟಕ್ಕೇ ಬಿಟ್ಟಿದ್ದರೂ ಯಾರ ಸಾರೋ ಏನೋ ಎಂದು ಜನ ಮರೆಯುತ್ತಿದ್ದರು. ಓದುಗರಿಂದ ಏನನ್ನೂ ಮುಚ್ಚಿಡಬಾರದೆಂದು ಕೆಳಗೆ ಒಂದು ಸಾಲು ಸೇರಿಸಿದ: "ಅಡುಗೆ ಮಾಡಿದವರು ಲೇಖಕನ ಸ್ವಂತ ಅಕ್ಕ."

ಆ ಒಂದು ಸಾಲಿನಿಂದ ಮನಿಲಾದಲ್ಲಿ ಅವನಿಗೆ ಹೆಸರು ಬಂತು. ತಂಬಾಲಿಸದಲ್ಲಿ ಅವಳಿಗೂ ಬಂತು. ಆ ವಾರ ಸುಂಟರಗಾಳಿಗೆ ಅವಳ ಹಿತ್ತಲಿನ ಬತ್ವಾನ್ ಮರ ಬುಡಮೇಲಾಗಿತ್ತು, ತಮ್ಮ ಬರುತ್ತಾನೆಂದು ಅವಳು ವಿನಿಗರ್ ಹಾಕಿ ಹೇಗೋ ಹುಳಿ ಮಾಡಿದ್ದಳು ಎಂಬುದು ಅವನಿಗೆ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಆಮೇಲೆ ಬರೆದ ಕಾಗದಗಳೆಲ್ಲ ಒಡೆಯದೆ ವಾಪಸು ಬಂದವು. ಪ್ರತಿ ವರ್ಷ ಊರ ಹಬ್ಬದ ಹೊತ್ತಿಗೆ ಹೋಗಿಯೇ ಬಿಡಬೇಕು ಎಂದುಕೊಂಡು ಚೀಲ ಕಟ್ಟುತ್ತಿದ್ದ. ಅವಳು ಎಲ್ಲರೆದುರು ಬಾಗಿಲು ಹಾಕಿಕೊಂಡರೆ ಎಂಬ ಯೋಚನೆ ಬಂದು ಚೀಲ ಬಿಚ್ಚುತ್ತಿದ್ದ.

ಈಗ ಅವನಿಗೆ ಐವತ್ತೆರಡು. ದೇಶದ ಮೂಲೆ ಮೂಲೆ ತಿರುಗಿ, ಎಲ್ಲೆಲ್ಲಿಯ ಹುಳಿಗಳನ್ನೂ ಬಾಯಿಗೆ ಹಾಕಿ ಚಪ್ಪರಿಸಿ, ಇದಲ್ಲ, ಇದೂ ಅಲ್ಲ ಎಂದುಕೊಳ್ಳುತ್ತ ಬಂದಿದ್ದ. ರೆಸಾರ್ಟಿನ ಆಹ್ವಾನ ಬಂದಾಗ ಜೋರೆಲಿನ್ ಫೋನಿನಲ್ಲಿ ದ್ವೀಪದ ಹೆಸರು ಪೂರ್ತಿ ಹೇಳುವ ಮೊದಲೇ "ಆಯಿತು" ಎಂದಿದ್ದ.

ಒಪ್ಪಿಕೊಂಡ ಮೇಲೆ ನೀತಿ ಚುಚ್ಚಲು ಶುರುವಾಯಿತು. ಆತಿಥ್ಯದ ಪ್ರವಾಸಗಳ ವಿಷಯದಲ್ಲಿ ಫೆರ್ಮಿನ್ ಬಲು ಕಟ್ಟುನಿಟ್ಟು. ಉಡುಗೊರೆ ಮುಟ್ಟುವುದಿಲ್ಲ. ಆತಿಥೇಯರ ಕಿವಿಗೆ ಬೀಳುವಂತೆ ಹೊಗಳುವುದಿಲ್ಲ. ಯಾರು ಕರೆದೊಯ್ದರು, ಯಾರು ಉಣಿಸಿದರು ಎಂದು ಪ್ರತಿ ಅಂಕಣದ ಕೆಳಗೂ ಬರೆಯುತ್ತಾನೆ. ಇನ್ನೊಬ್ಬರ ಖರ್ಚಿನಲ್ಲಿ ಹೋದಾಗ ಸ್ವಂತ ಕೆಲಸ ಇಟ್ಟುಕೊಳ್ಳುವುದಿಲ್ಲ. ಈ ಕೊನೆಯದನ್ನು ಮೀರುವುದು ಹೇಗೆಂದು ಅವನು ಮೂರು ದಿನದಿಂದ ವಕೀಲನ ಹಾಗೆ ತನ್ನೊಳಗೇ ವಾದ ಮಾಡುತ್ತಿದ್ದ. ಊಟದ ಹೊತ್ತಿನಲ್ಲಿ ತಪ್ಪಿಸಿಕೊಂಡರೆ ಅವರ ಊಟ ಅವರಿಗೇ ಉಳಿಯಿತು, ಹೋಗುವ ಬರುವ ಬಾಡಿಗೆ ತನ್ನ ಜೇಬಿನದು, ಅಲ್ಲಿಗೆ ಸರಿಹೋಯಿತಲ್ಲ? ಅದೂ ಅಲ್ಲದೆ "ಅಚ್ಚರಿ" ಎಂದರೆ ಏನೆಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಅತಿಥಿಗಳಿಗೆ ಒಣಹುಲ್ಲಿನ ಲಂಗ ಉಡಿಸಿ ಕುಣಿಸುವುದು. ಅದೊಂದು ತಪ್ಪಿದರೆ ಯಾರಿಗೇನು ನಷ್ಟ?

ಹತ್ತೂವರೆಗೆ ಮ್ಯಾನೇಜರು ಮೈಕು ಹಿಡಿದು, ಈ ರೆಸಾರ್ಟಿನ ಒಂದೊಂದು ಬಿದಿರಿಗೂ ಒಂದೊಂದು ಕತೆ ಇದೆ ಎಂದು ಮೊದಲನೇ ಬಿದಿರಿನ ಕತೆ ಶುರು ಮಾಡುತ್ತಿದ್ದಂತೆ, ಫೆರ್ಮಿನ್ ಹೊಟ್ಟೆ ಹಿಡಿದುಕೊಂಡು "ಅಮ್ಮಾ" ಎಂದ.

ಅದು ಮುಳ್ಳಿನ ಮೇಲೆ ಕಾಲಿಟ್ಟವನ "ಅಮ್ಮಾ"ದ ಹಾಗಿತ್ತೇ ಹೊರತು ಹೊಟ್ಟೆ ಕೆಟ್ಟವನ "ಅಮ್ಮಾ"ದ ಹಾಗಿರಲಿಲ್ಲ. ಆದರೆ ಮೈಕು ಮ್ಯಾನೇಜರ ಕೈಯಿಂದ ಬಿತ್ತು. ಅಂಕಣಕಾರರಲ್ಲೆಲ್ಲ ಕಟುವಾದ ಅಂಕಣಕಾರ ತಮ್ಮ ತಿಂಡಿ ತಿಂದು ನೆಲಕಚ್ಚಿದರೆ ಏನು ಗತಿ? ಜೋರೆಲಿನ್‌ಳ ಮುಖ ಬಿಳುಚಿತು.

"ಸರ್ ಫೆರ್ಮಿನ್! ಏನು ತಿಂದ್ರಿ? ಮೊಟ್ಟೆನಾ? ಮಾವಿನಹಣ್ಣಾ? ದಯವಿಟ್ಟು ಮೊಟ್ಟೆ ಅನ್ಬೇಡಿ!"

"ಮೊಟ್ಟೆ ಅಲ್ಲಮ್ಮ..."

ಅಷ್ಟರಲ್ಲಿ ಅಡುಗೆಯವನನ್ನು ಎಳೆದು ತಂದಾಗಿತ್ತು. ಎತ್ತರದ ಬಿಳೀ ಟೊಪ್ಪಿಗೆಯ ಆ ದಢೂತಿ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು, "ಸರ್, ಆ ಮೊಟ್ಟೆ ಇಟ್ಟ ಕೋಳಿ ಕೂಡ ನಂಗೆ ಗೊತ್ತು. ನನ್ನ ಮಕ್ಕಳಾಣೆ, ಒಳ್ಳೇ ಕೋಳಿ," ಎಂದ.

ಫೆರ್ಮಿನ್‌ನ ಆತ್ಮಸಾಕ್ಷಿ ಚುರ್ ಎಂದಿತು. ನಿರಪರಾಧಿಗಳ ಮೇಲೆ ತಪ್ಪು ಹೊರಿಸಲಾದೀತೆ? "ನಿಮ್ಮ ತಪ್ಪೇನೂ ಇಲ್ಲಪ್ಪಾ, ನಾನು ಬರುವಾಗ ಹಡಗಿನಲ್ಲಿ ಒಣ ಸ್ಕ್ವಿಡ್ ಮೀನು ತಿಂದಿದ್ದೆ," ಎಂದು ಇನ್ನೊಂದು ಸುಳ್ಳು ಹೇಳಿದ.

"ಮೊನ್ನೆ ತಿಂದಿದ್ದು ಈಗ ನೋಯ್ತಿದ್ಯಾ?" ಎಂದು ಬಾಯಿ ಹಾಕಿದವಳು ಮಿಲಾಗ್ರೊಸ್. ಮಹಿಳಾ ಮಾಸಿಕವೊಂದರ ಹಿರಿಯ ಲೇಖಕಿ. ಮೂವತ್ತು ವರ್ಷದಿಂದ ಇಂಥ ಪ್ರವಾಸಗಳಲ್ಲೇ ಬದುಕಿದವಳು. ಬರುವಾಗ ಖಾಲಿ ಸೂಟ್‌ಕೇಸು ತಂದು, ಹೋಗುವಾಗ ತುಂಬಿಸಿಕೊಂಡು ಹೋಗುತ್ತಿದ್ದಳು. ನಿನ್ನೆ ಅವಳ ಕೋಣೆಯ ಟವೆಲುಗಳನ್ನು ಮೂರು ಸಲ ಹೊಸದಾಗಿ ಇಡಬೇಕಾಗಿತ್ತು.

"ಸ್ಕ್ವಿಡ್ಡು ನಿಧಾನ ಮಾಮ್," ಎಂದ ಫೆರ್ಮಿನ್.

"ಹಾಗಿದ್ರೆ ನಂಗೂ ಹೊಟ್ಟೆ ಒಂಥರಾ ಆಗ್ತಿದೆ," ಎಂದು ಅವಳೂ ಹೊಟ್ಟೆ ಮುಟ್ಟಿಕೊಂಡಳು. "ಎಣ್ಣೆ ಹಾಕಿ ಮೈ ನೀವಿಸಿಕೊಂಡ್ರೆ ಸರಿಹೋಗಬಹುದೇನೋ. ಮಾಲೀಸಿನ ಕೋಣೆ ತೆಗೆಸ್ತೀಯಾ ಜೋರೆಲಿನ್?"

ಮೂರನೆಯವನು ದಿಂದೊ. ಫೋನಿನಲ್ಲೇ ಬರೆದು ಫೋನಿನಲ್ಲೇ ಹೆಸರು ಮಾಡಿದ ಮೂವತ್ತರ ಬ್ಲಾಗರ್. ಅವನ ಬರಹದಲ್ಲಿ ಎಲ್ಲವೂ "ಬಾಯಲ್ಲಿ ಕರಗಿತು." ಮೊನ್ನೆ ಮಂಚದ ಬಗ್ಗೆಯೂ ಹಾಗೇ ಬರೆದಿದ್ದ. ಅವನು ಫೋನನ್ನು ಫೆರ್ಮಿನ್‌ನ ಮೂಗಿನ ಹತ್ತಿರ ಹಿಡಿದು, "ಕುಯಾ, ನೋವು ಎಲ್ಲಿ ಅಂತ ಸ್ವಲ್ಪ ತೋರಿಸ್ತೀರಾ? ಇತ್ತಕಡೆ ಬೆಳಕು ಚೆನ್ನಾಗಿದೆ," ಎಂದ. ಮನಿಲಾದವರು ಹಿರಿಯರನ್ನು ಅಣ್ಣ ಎನ್ನುವುದು ಹಾಗೆ, ಕುಯಾ ಎಂದು.

ರೆಸಾರ್ಟಿನ ನರ್ಸು ಎಸ್ತೆಲಾ ಬಂದು ನಾಡಿ ಹಿಡಿದಳು. ನಾಲಿಗೆ ಚಾಚಿಸಿದಳು. "ಅನ್ನದ ಗಂಜಿ ಮಾತ್ರ. ಮೀನು ಕಣ್ಣಿಂದಲೂ ನೋಡೋ ಹಾಗಿಲ್ಲ. ಮಲಗಿ," ಎಂದು ಕೋಣೆಗೆ ಕರೆದೊಯ್ದು, ಗಂಜಿ ಕುಡಿಸಿ, ಮಾತ್ರೆ ನುಂಗಿಸಿ, ಬಾಗಿಲಾಚೆ ಒಂದು ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು.

"ನೀವು ಊಟಕ್ಕೆ ಹೋಗಮ್ಮ," ಎಂದು ಒಳಗಿನಿಂದಲೇ ಫೆರ್ಮಿನ್ ಹೇಳಿದ.

"ಜೋರೆಲಿನ್ ಮೇಡಂ ಆರ್ಡರು ಸರ್. ನೀವು ಬದುಕಿದ್ದೀರಾ ಅಂತ ಐದೈದು ನಿಮಿಷಕ್ಕೆ ಹೇಳ್ತಿರಬೇಕು ನಾನು."

ಫೆರ್ಮಿನ್ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಸುರಿಯುತ್ತಿರುವವರೆಗೆ ಒಳಗೆ ಜೀವ ಇದೆ ಎಂದು ಯಾರಾದರೂ ನಂಬುತ್ತಾರೆ. ಆಮೇಲೆ ಹಿಂದಿನ ಜಗಲಿಯ ಬಿದಿರ ಕಟಕಟೆ ಹತ್ತಿ, ಆಚೆ ಬದಿಯ ಹೂವಿನ ಪೊದೆಯ ಮೇಲೆ ಅಕ್ಕಿ ಮೂಟೆಯ ಹಾಗೆ ಬಿದ್ದ. ಪ್ಯಾಂಟು ಮಂಡಿಯ ಹತ್ತಿರ ಹರಿಯಿತು. ಆದರೂ ಎದ್ದವನು ಹತ್ತು ವರ್ಷದ ಹುಡುಗನ ಹಾಗೆ ಓಡಿದ.

ಗೇಟಿನಾಚೆ ಒಂದು ಟ್ರೈಸಿಕಲ್, ಬೈಕಿನ ಪಕ್ಕಕ್ಕೆ ತಗಡಿನ ಗೂಡು ಕಟ್ಟಿದ ಬಂಡಿ, ಸಿಕ್ಕಿತು. ಓಡಿಸುವವನು ಬೆರ್ತಿಂಗ್ ಎಂಬ ಮುದುಕ. ಅಕ್ಕನಿಗೆ ಮನಾಂಗ್ ಎನ್ನುವ ಆ ಸೀಮೆಯಲ್ಲಿ ಅಣ್ಣನಿಗೆ, ಹಿರಿಯರಿಗೆ ಮನೋಂಗ್ ಎನ್ನುತ್ತಾರೆ.

"ಹಳೇ ಧಕ್ಕೆಗೆ ಮನೋಂಗ್. ಬೇಗ. ಕಾದಿದ್ದು ವಾಪಸ್ ಕರ್ಕೊಂಡು ಬರಬೇಕು."

"ಅಲ್ಲೇನಿದೆ ಈಗ? ಹಡಗೆಲ್ಲ ಹೊಸ ಧಕ್ಕೆಗೆ ಹೋಯ್ತು."

"ಮೀನುಸಾರು."

ಬೆರ್ತಿಂಗ್ ಹಿಂತಿರುಗಿ ಅವನ ಹರಿದ ಪ್ಯಾಂಟು ನೋಡಿದ. "ನಿಜವಾಗ್ಲೂ ಹಸಿದಿದ್ದೀಯ ನೀನು," ಎಂದು ಬಂಡಿ ಹೊರಡಿಸಿದ.

ದಾರಿ ಉದ್ದಕ್ಕೂ ಫೆರ್ಮಿನ್ ಮೊದಲ ಮಾತು ಏನು ಆಡಬೇಕೆಂದು ಹುಡುಕುತ್ತಿದ್ದ. "ಮನಾಂಗ್, ತಪ್ಪಾಯ್ತು" ಅನ್ನಲೇ? ಹತ್ತೊಂಬತ್ತು ವರ್ಷಕ್ಕೆ ಅದು ತೀರಾ ಚಿಕ್ಕದಾಯಿತು. ಏನೂ ಅನ್ನದೆ ಹೋಗಿ ಬೆಂಚಿನ ತುದಿಯಲ್ಲಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಜಾಗದಲ್ಲಿ ಕೂತುಬಿಡಲೇ? ಅವಳು ತಟ್ಟೆ ಮುಂದೆ ತಂದು ಕುಕ್ಕಿದರೆ ಸಾಕು. ಕುಕ್ಕುವ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ.

ನದಿಯ ಕಿರುಸೇತುವೆಯ ಹತ್ತಿರ ಎದುರಿನಿಂದ ಒಂದು ಜೀಪು ಬಂತು. ಬಾಗಿಲ ಮೇಲೆ ರೆಸಾರ್ಟಿನ ಗುರುತು ಕಂಡದ್ದೇ ಫೆರ್ಮಿನ್ ಗೂಡಿನೊಳಗೆ ಮುದುಡಿ, ತಲೆಯನ್ನು ಎರಡು ಮಂಡಿಗಳ ನಡುವೆ ಹುದುಗಿಸಿಕೊಂಡ. ಬೆರ್ತಿಂಗ್ ಬಂಡಿಯನ್ನು ಬದಿಗೆ ಸರಿಸಿ ಜೀಪಿಗೆ ದಾರಿ ಬಿಟ್ಟ. ಜೀಪು ತೆವಳುತ್ತ, ಪಾತ್ರೆಗಳ ಲಟಪಟ ಸದ್ದು ಮಾಡುತ್ತ, ಕಿವಿಗೆ ಒಂದು ಮಾರು ದೂರದಲ್ಲಿ ಹಾದುಹೋಯಿತು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ತೆಂಗಿನ ಸಿಪ್ಪೆಯ ಹೊಗೆ, ಶುಂಠಿ, ಬತ್ವಾನಿನ ಹುಳಿ. ತಲೆ ಬಗ್ಗಿಸಿದ್ದಲ್ಲೇ ಫೆರ್ಮಿನ್‌ನ ಕಣ್ಣು ಒದ್ದೆಯಾಯಿತು. ಊರು ಹತ್ತಿರ ಬಂದ ಹಾಗೆ ನೆನಪು ಎಷ್ಟು ಜೋರಾಗುತ್ತದೆ ಎಂದುಕೊಂಡ.

ಅಂಗಡಿ ಇದ್ದಲ್ಲೇ ಇತ್ತು. ನೀಲಿ ಬಣ್ಣ ಹೋಗಿ ಹಸಿರು ಬಂದಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು.

ಪಕ್ಕದಲ್ಲಿ ಒಣಮೀನು ಹರವಿಕೊಂಡು ಕೂತಿದ್ದ ಹೆಂಗಸು ನೊಣ ಅಟ್ಟುತ್ತ, "ಇವತ್ತಿಲ್ಲ, ನಾಳೆನೂ ಇಲ್ಲ," ಎಂದಳು.

"ಎಲ್ಲಿ ಹೋಗಿದ್ದಾರೆ?"

"ಎಲ್ಲಿಗೆ ಅಂತ ಕೇಳು. ಆ ದೊಡ್ಡ ರೆಸಾರ್ಟಿಗೆ! ನಾಲ್ಕು ತಿಂಗಳಿಂದ ಅವರು ಇವಳ ಹಿಂದೆ ಬಿದ್ದಿದ್ರು, ನಮ್ಮ ಅತಿಥಿಗಳಿಗೆ ನೀವೇ ಒಂದು ಊಟ ಮಾಡಿಕೊಡಬೇಕು ಅಂತ. ಇವಳು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದಳು. ಮನಿಲಾದಲ್ಲಿ ನನ್ನ ತಮ್ಮ ಇದಾನೆ, ಪೇಪರ್‌ನಲ್ಲಿ ಬರೀತಾನೆ, ಅವನನ್ನ ಕರೆಸಿದ್ರೆ ಮಾತ್ರ ಒಲೆ ಹಚ್ಚೋದು, ನಾನು ಅಂತ ಅವನಿಗೆ ಹೇಳಬಾರದು ಅಂತ."

ಫೆರ್ಮಿನ್ ಬೆಂಚು ಸಿಗುತ್ತದೆಯೇ ಎಂದು ಕೈಯಾಡಿಸಿ, ಸಿಗದೆ, ಹೊಸ್ತಿಲ ಮೇಲೆಯೇ ಕೂತ.

"ಬೆಳಗಿನ ಜಾವದಿಂದ ಅವಳಿಗೆ ಕೈಕಾಲು ನಿಲ್ತಿರಲಿಲ್ಲ," ಎಂದು ಹೆಂಗಸು ಮುಂದುವರಿಸಿದಳು. "ನಾಲ್ಕು ಸಲ ಸೀರಣಿಗೆಯಿಂದ ತಲೆ ಬಾಚಿಕೊಂಡಳು. ಹುಳಿ ಸರಿಯಾಗಿದ್ಯಾ ನೋಡು ಅಂತ ನನಗೇ ಆರು ಸಲ ಕುಡಿಸಿದಳು. ನಾನಂದೆ, ಯಾಕೆ ಇಷ್ಟು ಹೆದರ್ತೀಯ, ತಮ್ಮನೇ ಅಲ್ವಾ? ಅದಕ್ಕೇ ಹೆದರೋದು ಅಂದಳು. ನೀನ್ಯಾಕಪ್ಪಾ ಅಳ್ತಿದ್ದೀಯ? ಅಷ್ಟು ಹಸಿವಾ? ಒಣಮೀನು ಕೊಡ್ಲಾ?"

ಫೆರ್ಮಿನ್ ಎದ್ದು ಓಡಿದ. ಬಂಡಿ ನಿಂತಿದ್ದ ಜಾಗದಲ್ಲಿ ಬಂಡಿ ಇರಲಿಲ್ಲ. ಕಾರಿಂಗಳ ಅಂಗಡಿ ಮುಚ್ಚಿದ್ದು ನೋಡಿ ಬೆರ್ತಿಂಗ್ ತನ್ನ ಊಟಕ್ಕೆ ಬೇರೆ ಕಡೆ ಹೋಗಿದ್ದ. ಹಳೇ ಧಕ್ಕೆಯಲ್ಲಿ ಇನ್ನೊಂದು ಬಂಡಿ ಇಲ್ಲ, ಮರದ ನೆರಳೂ ಇಲ್ಲ. ಫೆರ್ಮಿನ್ ಜೋರೆಲಿನ್‌ಳಿಗೆ ಫೋನು ಮಾಡಿದ. ಅವಳು ಎತ್ತಲಿಲ್ಲ. ದಿಂದೊಗೆ ಮಾಡಿದ. ಅವನು ಎತ್ತಿ, "ಕುಯಾ, ವೀಡಿಯೊ ಮಾಡ್ತಿದ್ದೀನಿ, ಅಚ್ಚರಿ ಊಟ ಬಂತು, ಬಾಯಲ್ಲಿ ಕರಗ್ತಿದೆ," ಎಂದು ಇಟ್ಟುಬಿಟ್ಟ. ಮುಕ್ಕಾಲು ಗಂಟೆಯ ಮೇಲೆ ಬೆರ್ತಿಂಗ್ ಹಲ್ಲು ಕಡ್ಡಿ ಕಚ್ಚಿಕೊಂಡು ಬಂದ. "ಇವತ್ತು ಎಲ್ಲೂ ಒಳ್ಳೇ ಸಾರು ಸಿಗಲಿಲ್ಲ," ಎಂದು ದಾರಿ ಉದ್ದಕ್ಕೂ ಗೊಣಗಿದ.

ಫೆರ್ಮಿನ್ ರೆಸಾರ್ಟಿನ ಮುಂಬಾಗಿಲಿನಿಂದಲೇ ಒಳಗೆ ನುಗ್ಗಿದಾಗ ಒಂದೂ ಮುಕ್ಕಾಲು. ಊಟದ ಮಂಟಪದಲ್ಲಿ ಖಾಲಿ ತಟ್ಟೆಗಳು, ಬಾಳೆಎಲೆಗಳು, ಮೀನಿನ ಮುಳ್ಳುಗಳು. ಜೋರೆಲಿನ್ ಅವನನ್ನು ನೋಡಿ ಎದೆಗೆ ಕೈ ಇಟ್ಟುಕೊಂಡಳು.

"ಸರ್! ಎದ್ದು ಓಡಾಡ್ತಿದ್ದೀರಾ?"

"ಅವಳೆಲ್ಲಿ? ಅಡುಗೆ ಮಾಡಿದವಳು?"

"ಹೋದ್ರಲ್ಲ ಸರ್. ಆಗಲೇ ಅರ್ಧ ಗಂಟೆ ಆಯ್ತು." ಜೋರೆಲಿನ್‌ಳ ಜೋರೆಲ್ಲ ಇಳಿದಿತ್ತು. "ನಿಮ್ಮಕ್ಕ ಅಂತ ಮೊದಲೇ ಹೇಳಬೇಕಿತ್ತು ನಾನು. ಹೇಳಬಾರದು ಅಂತ ಮಾತು ತಗೊಂಡಿದ್ರು. ನಿಮಗೆ ಹೊಟ್ಟೆ ಸರಿಯಿಲ್ಲ, ಊಟಕ್ಕೆ ಬರಲ್ಲ ಅಂತ ಹೇಳಿದಾಗ ಅವರ ಮುಖ ನೋಡೋಕೆ ಆಗಲಿಲ್ಲ ಸರ್. 'ಈ ಸಲ ಬಾಯಿಗೆ ಹಾಕ್ದೇನೇ ಗೊತ್ತಾಗೋಯ್ತಾ ಅವನಿಗೆ?' ಅಂದ್ರು."

ಫೆರ್ಮಿನ್ ಅಲ್ಲೇ ಇದ್ದ ಬಿದಿರಿನ ಕಂಬ ಹಿಡಿದುಕೊಂಡ. ಮ್ಯಾನೇಜರು ಹೇಳಿದ್ದು ನಿಜವೇ ಇರಬೇಕು, ಆ ಬಿದಿರಿಗೂ ಅಂದಿನಿಂದ ಒಂದು ಕತೆಯಾಯಿತು.

"ಆದ್ರೂ ಒಂದು ಬಟ್ಟಲಲ್ಲಿ ಬಿಸಿ ಸಾರು ತಗೊಂಡು ನಿಮ್ಮ ಕೋಣೆ ತನಕ ಬಂದ್ರು ಸರ್," ಎಂದಳು, ವರದಿ ಒಪ್ಪಿಸಲು ಅಲ್ಲಿಗೆ ಬಂದಿದ್ದ ನರ್ಸು ಎಸ್ತೆಲಾ. "ಬಾಗಿಲು ತಟ್ಟಿದ್ರು. ನೀವು ತೆಗೀಲಿಲ್ಲ. ಬಚ್ಚಲಲ್ಲಿದ್ದಾರೆ, ನೀರಿನ ಸದ್ದು ಕೇಳ್ತಿದೆ ಅಂದೆ. ಪರವಾಗಿಲ್ಲ ಅಂತ ಬಾಗಿಲಿಗೆ ಹಣೆ ಇಟ್ಟುಕೊಂಡು ಹೊರಗಿಂದಲೇ ಮಾತಾಡಿದ್ರು. ಹತ್ತು ನಿಮಿಷ ಆದ್ರೂ ಮಾತಾಡಿದ್ರು. ನೀವು ಒಂದೇ ಒಂದು ಮಾತೂ ಆಡಲಿಲ್ಲ ಸರ್." ಅವಳ ದನಿಯಲ್ಲಿ ಆಕ್ಷೇಪ ಇತ್ತು.

"ಏನು ಹೇಳಿದಳು?"

"ಕುಟುಂಬದ ಮಾತು ಕೇಳಿಸಿಕೊಳ್ಳಬಾರದು ಅಂತ ನಾನು ಆಚೆ ತಿರುಗಿ ಕಿವಿ ಮುಚ್ಚಿಕೊಂಡೆ. ನಮಗೂ ರೀತಿ ನೀತಿ ಅಂತ ಇದೆ ಸರ್."

"ಒಂದು ಮಾತೂ ಕೇಳಿಸಲಿಲ್ವಾ?"

"ಮರ ಅಂತ ಏನೋ ಹೇಳಿದ ಹಾಗಿತ್ತು. ಆಮೇಲೆ ನಕ್ಕರು. ಆಮೇಲೆ ಮೂಗು ಒರೆಸಿಕೊಂಡ್ರು. ಬಟ್ಟಲು ಬಾಗಿಲ ಮುಂದೆ ಇಟ್ಟು ಹೋದ್ರು."

ಫೆರ್ಮಿನ್ ಕೋಣೆಯ ಕಡೆ ಓಡಿದ. ಬಾಗಿಲ ಮುಂದೆ ಬಟ್ಟಲು ಇತ್ತು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ನರ್ಸಿನ ಕುರ್ಚಿಯ ಮೇಲೆ, ಮಾಲೀಸು ಮುಗಿಸಿ ಬಂದ ಮಿಲಾಗ್ರೊಸ್ ಎಣ್ಣೆ ಮೈಯಲ್ಲಿ ಕೂತು ತುಟಿ ಒರೆಸಿಕೊಳ್ಳುತ್ತಿದ್ದಳು.

"ನಿಂಗೆ ಹೇಗೂ ಮೀನು ಆಗಲ್ಲ ಅಂದ್ರು ಫೆರ್ಮಿನ್. ಪಾಪ, ಅಷ್ಟು ದೂರದಿಂದ ತಂದಿದ್ದು ಹಾಳಾಗಬಾರದು ಅಂತ..." ಒಂದು ಕ್ಷಣ ಅವಳು ಕಣ್ಣು ಮುಚ್ಚಿದಳು. "ಮೂವತ್ತು ವರ್ಷದಲ್ಲಿ ಇಂಥದ್ದು ತಿಂದಿರಲಿಲ್ಲ ಕಣೋ. ತಲೆ ಭಾಗ ನಿಂಗೇ ಅಂತ ಎತ್ತಿಟ್ಟಿದ್ದಳು ಅನ್ಸತ್ತೆ."

ಒಳಗೆ ನಲ್ಲಿ ಇನ್ನೂ ಸುರಿಯುತ್ತಿತ್ತು.

ರೆಸಾರ್ಟಿನ ಅಡುಗೆಮನೆಯ ಗೋಡೆಯ ಮೇಲೆ ಕಾರಿಂಗಳ ಫೋನ್ ನಂಬರು ಬರೆದಿತ್ತು. ಫೆರ್ಮಿನ್ ಒತ್ತಿದ. ಎರಡು ಸಲ ಹೊಡೆದುಕೊಂಡು ಮೂರನೇ ಸಲಕ್ಕೆ ಎತ್ತಿದಳು. ಹಿಂದೆ ದೋಣಿಯ ಇಂಜಿನ್ ತುಕುತುಕು ಎನ್ನುತ್ತಿತ್ತು.

"ಮನಾಂಗ್. ನಾನು... ಫೆರ್ಮಿನ್."

ಇಂಜಿನ್ ಸದ್ದು. ಆಮೇಲೆ, ಹತ್ತೊಂಬತ್ತು ವರ್ಷದ ಮೇಲೆ, ಆ ದನಿ.

"ಹೊಟ್ಟೆ ಹೇಗಿದೆ?"

"ಹೊಟ್ಟೆಗೆ ಏನೂ ಆಗಿರಲಿಲ್ಲ ಮನಾಂಗ್. ನಾನು ಕೋಣೇಲೇ ಇರಲಿಲ್ಲ. ನಿನ್ನನ್ನ ನೋಡೋಕೆ ಅಂತ ಹಿಂದಿನಿಂದ ಹಾರಿ ಹಳೇ ಧಕ್ಕೆಗೆ ಹೋಗಿದ್ದೆ. ನಿನ್ನ ಹೊಸ್ತಿಲ ಮೇಲೇ ಕೂತಿದ್ದೆ."

"ನೀರಿನ ಸದ್ದು ನನ್ನ ಕಿವೀಲೇ ಕೇಳಿದ್ದೀನಿ."

"ನಲ್ಲಿ ನಾನೇ ಬಿಟ್ಟು ಹೋಗಿದ್ದೆ, ಒಳಗಿದ್ದೀನಿ ಅಂತ ಅವರು ಅಂದುಕೊಳ್ಳಲಿ ಅಂತ."



"ಹತ್ತೊಂಬತ್ತು ವರ್ಷದಿಂದ ಪೇಪರ್‌ನಲ್ಲಿ ಬರೀತಿದ್ದೀಯ ತೋತೊ," ಎಂದಳು. ಚಿಕ್ಕಂದಿನಲ್ಲಿ ಅವನನ್ನು ಕರೆಯುತ್ತಿದ್ದುದು ಹಾಗೇ. "ಇದಕ್ಕಿಂತ ಚೆನ್ನಾಗಿರೋ ಸುಳ್ಳು ಒಂದು ಹೊಳೀಲಿಲ್ವಾ ನಿಂಗೆ?"

"ಸುಳ್ಳಲ್ಲ ಮನಾಂಗ್! ಎಲ್ಲಿದ್ದೀಯ? ಈಗಲೇ ಬರ್ತೀನಿ."

"ದೋಣೀಲಿದ್ದೀನಿ. ಮಗಳ ಊರಿಗೆ ಹೊರಟೆ. ಹದಿನೈದು ದಿನ ಅಂಗಡಿ ಇಲ್ಲ."

"ಬಾಗಿಲ ಹತ್ತಿರ ಏನು ಹೇಳಿದೆ? ಅದನ್ನಾದ್ರೂ ಹೇಳು. ನಾನು ಕೇಳಿಸಿಕೊಳ್ಳಲಿಲ್ಲ."

"ಒಂದು ಸಲ ಬಡಿಸಿದ್ದನ್ನ ಮತ್ತೆ ಬಿಸಿ ಮಾಡಿ ಬಡಿಸೋಳಲ್ಲ ನಾನು," ಎಂದಳು. ದನಿ ಒಂದಿಷ್ಟು ಒಡೆದ ಹಾಗಿತ್ತು, ಅಥವಾ ಗಾಳಿ ಇದ್ದೀತು. ಫೋನು ನಿಂತಿತು. ಮತ್ತೆ ಹಚ್ಚಿದರೆ ಸದ್ದಿಲ್ಲ.

ನಾಲ್ಕರ ಹಡಗಿನಲ್ಲಿ ಮಿಲಾಗ್ರೊಸ್ ತನ್ನ ಸೂಟ್‌ಕೇಸಿನ ಮೇಲೆ ಕೂತು ನಿದ್ದೆ ಹೋದಳು. ಫೆರ್ಮಿನ್ ಹಿಂದಿನ ಕಟಕಟೆಗೆ ಒರಗಿ ನಿಂತು, ಹಳೇ ಧಕ್ಕೆಯ ಹಸಿರು ಚುಕ್ಕೆ ಚಿಕ್ಕದಾಗುವುದನ್ನು ನೋಡುತ್ತಿದ್ದ. ದಿಂದೊ ಫೋನು ಹಿಡಿದುಕೊಂಡು ಹತ್ತಿರ ಬಂದ.

"ಕುಯಾ, ಬೇಜಾರು ಮಾಡ್ಕೋಬೇಡಿ, ಒಂದು ಸಹಾಯ. ಆ ಸಾರಿನ ಬಗ್ಗೆ ಬರೀಬೇಕು. ಬಾಯಲ್ಲಿ ಕರಗಿತು ಅಂತ ಬರೆದೆ. ಅದು ಸರಿಯಾಗ್ತಿಲ್ಲ. ಕರಗಲಿಲ್ಲ ಅದು. ಬೇರೆ ಏನೋ ಮಾಡ್ತು. ತಿಂದವನು ನಾನೇ, ನಂಗೇ ಮಾತು ಸಿಕ್ತಿಲ್ಲ."

ಬಾಯಿಗೆ ಹಾಕದ್ದರ ಬಗ್ಗೆ ಮಾತಾಡುವುದು ಫೆರ್ಮಿನ್‌ಗೆ ಪರಮ ಪಾಪ.  ಆದರೂ ತನಗೇ ಗೊತ್ತಿಲ್ಲದೆ ಶುರು ಮಾಡಿದ.

"ಆ ಹುಳಿ ಮೊದಲು ತಾಗೋದು ನಾಲಿಗೆಗೆ ಅಲ್ಲ, ಕಿವಿ ಹಿಂದೆ. ಬರ್ಕೋ. ಅಲ್ಲಿಂದ ಇಳಿದು ಬಂದು ಕಣ್ಣು ಮುಚ್ಚಿಸತ್ತೆ. ಕಣ್ಣು ಮುಚ್ಚಿದ ಮೇಲೆ ತೆಂಗಿನ ಸಿಪ್ಪೆ ಹೊಗೆ ಬರತ್ತೆ, ಹಿಂದೆ ಯಾರೋ ಒಲೆ ಊದ್ತಿದ್ದಾರೆ ಅಂತ ಗೊತ್ತಾಗತ್ತೆ. ಮೀನಿನ ತಲೆ ಮನೇಲಿ ಎಲ್ಲರಿಗಿಂತ ಚಿಕ್ಕವರ ತಟ್ಟೆಗೆ ಬೀಳತ್ತೆ. ಬಡಿಸಿದವರು ನಿನ್ನ ಎದುರಿಗೆ ಕೂರಲ್ಲ, ಬೆನ್ನು ಹಾಕಿ ನಿಂತಿರ್ತಾರೆ. ಆದ್ರೆ ನೀನು ಎರಡನೇ ಸಲ ಕೇಳ್ತೀಯಾ ಅಂತ ಅವರ ಬೆನ್ನು ಕಿವಿಗೊಟ್ಟು ಕೇಳಿಸ್ಕೊಳ್ತಿರತ್ತೆ..."

ದಿಂದೊನ ಹೆಬ್ಬೆರಳುಗಳು ಓಡುತ್ತಿದ್ದವು. ದ್ವೀಪ ಮರೆಯಾಗುವವರೆಗೂ ಫೆರ್ಮಿನ್ ಹೇಳಿದ.

ಭಾನುವಾರ ಫೆರ್ಮಿನ್‌ನ ಅಂಕಣ ಬಂತು. ರಸ್ತೆ ಚೆನ್ನಾಗಿದೆ, ಹಾಸಿಗೆ ಮೆತ್ತಗಿದೆ, ಬಾವಲಿಗಳು ಸಮಯಪಾಲಕರು. ಕೆಳಗೆ ಎಂದಿನ ಸಾಲು: "ಪ್ರಯಾಣ, ವಸತಿ ಆತಿಥೇಯರದು." ಅದರ ಮುಂದೆ ಇನ್ನೊಂದು: "ಕೊನೆಯ ದಿನದ ಮಧ್ಯಾಹ್ನದ ಊಟವನ್ನು ಲೇಖಕ ಮಾಡಲಿಲ್ಲ."

ಹದಿನೆಂಟು ದಿನದ ಮೇಲೆ ಅವನ ಫೋನಿಗೆ ಒಂದು ಚಿತ್ರ ಬಂತು. ಕಳಿಸಿದ ನಂಬರು ಅಕ್ಕನದು. ಹಸಿರು ಗೋಡೆ, ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಒಂದು ಬರಹ, ಬರಹದ ಮೇಲೆ ದಿಂದೊನ ನಗುಮುಖ. ಚಿತ್ರದ ಕೆಳಗೆ ಹತ್ತೊಂಬತ್ತು ವರ್ಷದಲ್ಲಿ ಅಕ್ಕ ಬರೆದ ಮೊದಲ ಸಾಲುಗಳು.

"ನೋಡು. ನಮ್ಮೂರಿನವನಲ್ಲ, ತಿಂದದ್ದು ಒಂದೇ ಸಲ. ಹೇಗೆ ಬರೆದಿದ್ದಾನೆ! ಓದಿ ಮೂರು ಸಲ ಅತ್ತೆ. ನೀನೂ ಓದಿ ಕಲಿತುಕೋ."

ಫೆರ್ಮಿನ್ "ಮನಾಂಗ್, ಅದನ್ನ ಹೇಳಿ ಬರೆಸಿದ್ದು" ಎಂದು ಅಷ್ಟು ಬರೆದು, ದೋಣಿಯ ಇಂಜಿನ್ನಿನ ಹಿಂದಿದ್ದ ಆ ದನಿಯನ್ನು ನೆನೆದು, ಒಂದೊಂದೇ ಅಕ್ಷರ ಅಳಿಸಿದ. ಬಹಳ ಹೊತ್ತಿನ ಮೇಲೆ ಬರೆದು ಕಳಿಸಿದ: "ಚೆನ್ನಾಗಿ ಬರೆದಿದ್ದಾನೆ ಮನಾಂಗ್."

ಉತ್ತರ ತಕ್ಷಣ ಬಂತು.

"ಅಲ್ವಾ? ಮುಂದಿನ ತಿಂಗಳು ಹಬ್ಬಕ್ಕೆ ಅವನನ್ನ ಕರೆದಿದ್ದೀನಿ. ಹೋಗೋದು ಬರೋದು ಎಲ್ಲಾ ನನ್ನ ಖರ್ಚು."